ಚೊಗರು ಹಿಡಿದ ಕೈ

ಪ್ರಬಂಧ ಎಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬುದು ನಮ್ಮ ಮಕ್ಕಳಿಗೆ ಬಾಯಿಪಾಠ. ಒಂಬತ್ತನೇ ತರಗತಿಗೆ ‘ನಾನು ಮಾಡಿದ ಪ್ರವಾಸ’ ಕೊಟ್ಟಿದ್ದೆ. ಬಂದ ನೋಟ್‌ಬುಕ್ಕುಗಳೆಲ್ಲ ‘ದೇಶ ಸುತ್ತು, ಕೋಶ ಓದು’ ಎಂದೇ ಶುರುವಾಗಿದ್ದವು. ಎಲ್ಲದರಲ್ಲೂ ಜೋಗ ಜಲಪಾತದ ರಾಜ, ರಾಣಿ, ರೋರರ್, ರಾಕೆಟ್. ಎಲ್ಲದರಲ್ಲೂ ಶರಾವತಿ 830 ಅಡಿ ಎತ್ತರದಿಂದ ಭೋರ್ಗರೆದು ಧುಮುಕುತ್ತಿದ್ದಳು. ನಾವು ಜೋಗಕ್ಕೆ ಹೋದದ್ದು ಡಿಸೆಂಬರಿನಲ್ಲಿ. ಬಂಡೆಯ ಮೇಲೆ ನೀರು ಎಳೆ ಎಳೆಯಾಗಿ ಇಳಿಯುತ್ತಿತ್ತು. ಮಕ್ಕಳು ಕಣ್ಣಾರೆ ಕಂಡದ್ದನ್ನು ಬಿಟ್ಟು ಗೈಡಿನಲ್ಲಿದ್ದದ್ದನ್ನು ಬರೆದಿದ್ದರು. ಹಾಗೆ ಬರೆದರೇ ಅಂಕ ಎಂದು ಕಲಿಸಿದವರು ನಾವೇ.

ಮರುದಿನ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಹಿಡಿದು ತರಗತಿಗೆ ಹೋದೆ. ಅದರಲ್ಲೊಂದು ಕಡೆ ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗ ಹೊತ್ತು ನೇಗಿಲೆಳೆಯುತ್ತಾರೆ. ಅವರಲ್ಲೊಬ್ಬರು, ನೋಡುತ್ತಿರುವ ಹುಡುಗನ ಅಪ್ಪ. ಓದಿ ಮುಗಿಸಿದಾಗ ತರಗತಿಯಲ್ಲಿ ಉಸಿರಿಲ್ಲ. ಮೂರು ಪ್ರಶ್ನೆ ಕೇಳಿದೆ. ಹುಡುಗ ಕಂಡದ್ದೇನು? ದೊಡ್ಡವನಾಗಿ ಬರೆಯುವಾಗ ಅವನಿಗೆ ಹೊಸದಾಗಿ ತಿಳಿದದ್ದೇನು? ಇಷ್ಟೆಲ್ಲ ಬಾಲ್ಯದಲ್ಲಿ ಈ ಗಳಿಗೆಯನ್ನೇ ಯಾಕೆ ಹೇಳಿದ?

“ಈಗ ನಿಮ್ಮ ಸರದಿ. ಪ್ರಬಂಧ ಇವತ್ತೇ ಬೇಡ. ಒಂದೇ ಒಂದು ಗಳಿಗೆ ಆರಿಸಿಕೊಳ್ಳಿ. ಎಲ್ಲಿಂದ ಶುರು, ಎಲ್ಲಿಗೆ ಕೊನೆ ಅಂತ ಗುರುತು ಹಾಕಿಕೊಂಡು ಬನ್ನಿ” ಎಂದೆ.

ಗಂಟೆ ಹೊಡೆದ ಮೇಲೆ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು ನಿಂತಳು.

“ಟೀಚರ್, ನಾನು ಜೋಗಕ್ಕೆ ಹೋಗ್ಲೇ ಇಲ್ಲ.”

ಅವಳ ನೋಟ್‌ಬುಕ್ಕಿನಲ್ಲೂ ಜಲಪಾತ ಭೋರ್ಗರೆದಿತ್ತು. ಹತ್ತಕ್ಕೆ ಎಂಟು ಕೊಟ್ಟಿದ್ದೆ.

“ಆವತ್ತು ಏನು ಮಾಡ್ತಿದ್ದೆ?”

“ಅಮ್ಮನ ಜೊತೆ ಅಡಿಕೆ ಸುಲಿಯೋಕೆ ಹೋಗಿದ್ದೆ.”

“ಅದನ್ನೇ ಬರಿ. ಎಲ್ಲಿಂದ ಶುರು ಮಾಡ್ತೀಯ?”

ಸ್ವಲ್ಪ ಹೊತ್ತು ಯೋಚಿಸಿದಳು. “ಬಸ್ಸಿನ ಹಾರನ್ನಿಂದ. ನಮ್ಮ ಬಸ್ಸು ನಾವು ಸುಲೀತಿದ್ದ ಅಂಗಳದ ಮುಂದೇನೇ ಹೋಯ್ತು, ಟೀಚರ್. ನಾನು ತಲೆ ಎತ್ತಲಿಲ್ಲ.”

“ಕೊನೆಗೆ?”

“ಮಾರನೇ ದಿನ ಎಲ್ಲರೂ ಜೋಗದ ಸುದ್ದಿ ಹೇಳ್ತಿದ್ರು. ನನ್ನ ಕೈಯೆಲ್ಲ ಅಡಿಕೆ ಚೊಗರಾಗಿ ಕಪ್ಪಗಿತ್ತು. ಬೆಂಚಿನ ಕೆಳಗೆ ಇಟ್ಕೊಂಡು ಕೂತಿದ್ದೆ.”

ಶುರುವೂ ಕೊನೆಯೂ ಅವಳಿಗೆ ಗೊತ್ತಿದ್ದವು. ಪಾಪ, ಯಾರೂ ಕೇಳಿರಲಿಲ್ಲ, ಅಷ್ಟೇ.

ಸ್ಟಾಫ್ ರೂಮಿಗೆ ಬಂದು ಪ್ರವಾಸದ ದುಡ್ಡಿನ ಪಟ್ಟಿ ತೆಗೆದೆ. ಬರೆದವಳು ನಾನೇ. ಅವಳ ಹೆಸರಿನ ಮುಂದೆ ಸಣ್ಣದೊಂದು ಗೆರೆ ಎಳೆದು ಮುಂದಿನ ಹೆಸರಿಗೆ ಹೋಗಿದ್ದೆ.