ಹಲ್ಲಿಗೂ ಬಂತು ಮೋಟಾರು!

ಬೆಳಿಗ್ಗೆ ಎದ್ದು ಎರಡು ನಿಮಿಷ ಕೈಯಾಡಿಸುವುದಕ್ಕೂ ಯಂತ್ರ ಬೇಕೆ? ಮಗ ವಿದ್ಯುತ್ ಬ್ರಷ್ಷಿಗೆ ಹಟ ಹಿಡಿದಾಗ ಅಪ್ಪನ ಬಾಯಿಂದ ಬರುವ ಮೊದಲ ಮಾತು ಇದು. ಪ್ರಶ್ನೆ ಸರಿಯಾದದ್ದೇ. ಉತ್ತರವನ್ನು ಮಾತ್ರ ಜಾಹೀರಾತಿನಲ್ಲಿ ಹುಡುಕಬಾರದು.

ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಲೋಳೆಯಂತೆ ತಗಲುವ ಪೊರೆಯೇ ಪಾಚಿ. ಅದು ಅನ್ನದ ಅಗುಳಲ್ಲ, ಬ್ಯಾಕ್ಟೀರಿಯಾಗಳ ಕೇರಿ. 1683ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತನ್ನ ಹಲ್ಲಿನಿಂದಲೇ ಇದನ್ನು ಕೆರೆದು, ಮಸೂರದಡಿ ಓಡಾಡುವ ಜೀವಿಗಳನ್ನು ಕಂಡು ಬೆರಗಾದ. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಮನುಷ್ಯ ಆತ! ಈ ಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ.

ಉಜ್ಜದೇ ಬಿಟ್ಟರೆ? ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಮಂದಿಯ ಹಲ್ಲುಜ್ಜುವಿಕೆಯನ್ನೇ ನಿಲ್ಲಿಸಿ ನೋಡಿದರು. ವರದಿ ಬಂದದ್ದು 1965ರಲ್ಲಿ. 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ವಾಸಿಯಾಯಿತು. ಅಷ್ಟು ದಿನ ಅವರ ಮನೆಯವರು ಎಷ್ಟು ದೂರದಲ್ಲಿ ಕುಳಿತಿದ್ದರೋ!

ವಿದ್ಯುತ್ ಬ್ರಷ್ 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತು. ಅದರ ಉದ್ದೇಶ ಶೋಕಿಯಲ್ಲ. ಕೈ ಸರಿಯಾಗಿ ಆಡದವರಿಗೆ, ಹಲ್ಲಿಗೆ ತಂತಿ ಹಾಕಿಸಿಕೊಂಡವರಿಗೆ ನೆರವಾಗುವುದು. ಈಗ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ದುಂಡನೆಯ ತಲೆ ಆ ಕಡೆ ಈ ಕಡೆ ಅರ್ಧಂಬರ್ಧ ತಿರುಗುತ್ತದೆ. ಇನ್ನೊಂದರಲ್ಲಿ ಎಳೆಗಳು ಅತಿವೇಗವಾಗಿ ಕಂಪಿಸುತ್ತವೆ.

ಯಾವುದು ಮೇಲು ಎಂದು ಅಳೆಯುವುದು ಹೇಗೆ? ವಿದ್ಯಾರ್ಥಿಗಳು ಗಮನಿಸಬೇಕಾದ್ದು ಇಲ್ಲಿ. ಪಾಚಿಗೆ ಬಣ್ಣ ಹಿಡಿಸಿ, ಪ್ರತಿ ಹಲ್ಲಿಗೂ ಸೊನ್ನೆಯಿಂದ ಐದರವರೆಗೆ ಅಂಕ ಹಾಕುತ್ತಾರೆ. ಇಲ್ಲಿ ಮಾತ್ರ ಸೊನ್ನೆ ತೆಗೆದವನೇ ಜಾಣ. ಯಾರು ಯಾವ ಬ್ರಷ್ ಬಳಸಿದರೆಂಬುದು ಅಂಕ ಹಾಕುವವರಿಗೆ ತಿಳಿದಿರಬಾರದು. ತಿಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ.

ಇಂಥ 56 ಪ್ರಯೋಗಗಳನ್ನು, ಒಟ್ಟು 5,068 ಜನರ ಮಾಹಿತಿಯನ್ನು, ಕಾಕ್ರೇನ್ ಸಂಸ್ಥೆ 2014ರಲ್ಲಿ ಒಟ್ಟುಗೂಡಿಸಿತು. ಸಾಮಾನ್ಯ ಬ್ರಷ್ಷಿಗಿಂತ ವಿದ್ಯುತ್ ಬ್ರಷ್ಷಿನಲ್ಲಿ ಪಾಚಿ ಮೊದಲ ಮೂರು ತಿಂಗಳೊಳಗೆ ಶೇ. 11, ಆ ಬಳಿಕ ಶೇ. 21ರಷ್ಟು ಕಡಿಮೆ. ವಸಡಿನ ಉರಿಯೂತದಲ್ಲಿ ಈ ಅಂತರ ಶೇ. 6 ಮತ್ತು ಶೇ. 11. ಹೆಚ್ಚು ಪುರಾವೆ ಸಿಕ್ಕಿದ್ದು ತಲೆ ತಿರುಗುವ ಬಗೆಗೆ. ಆದರೆ ದೀರ್ಘಕಾಲದಲ್ಲಿ ಇದರಿಂದ ಹಲ್ಲಿಗೆ ಎಷ್ಟು ಲಾಭವೆಂಬುದು ಸ್ಪಷ್ಟವಿಲ್ಲವೆಂದೂ ಆ ವರದಿ ಹೇಳಿತು. ಜಾಹೀರಾತಿಗೆ ಈ ಕೊನೆಯ ವಾಕ್ಯ ಬೇಕಿಲ್ಲ.

ಹೀಗಾಗಿ ಹತ್ತನೇ ತರಗತಿಯ, ಗಟ್ಟಿ ಕೈಯ ಹುಡುಗನಿಗೆ ಕೊಡಿಸುವ ಮುನ್ನ ಅಪ್ಪ ಯೋಚಿಸಲಿ. ಅದೇ ಮನೆಯಲ್ಲಿ ಬೆರಳ ಗಂಟುನೋವಿನಿಂದ ಬ್ರಷ್ ಹಿಡಿಯಲಾಗದೆ, "ನನ್ನದೇನು ಬಿಡಪ್ಪ, ಬಾಯಿ ಮುಕ್ಕಳಿಸಿದರೆ ಸಾಕು" ಎನ್ನುವ ಅಜ್ಜಿಯಿದ್ದರೆ, ದಪ್ಪ ಹಿಡಿಯ ಆ ಯಂತ್ರ ಮೊದಲು ಸೇರಬೇಕಾದ್ದು ಅವರ ಕೈಗೆ.

ಹುಡುಗನಿಗೆ ದಂತವೈದ್ಯರಲ್ಲಿ ಸಿಗುವ ಬಣ್ಣದ ಮಾತ್ರೆ ಸಾಕು. ಹಲ್ಲುಜ್ಜಿದ ಮೇಲೆ ಅದನ್ನು ಅಗಿದು ಉಗಿದು ಕನ್ನಡಿ ನೋಡಲಿ. ಕೆಳಗಿನ ಮುಂಹಲ್ಲುಗಳ ಒಳಬದಿಯಲ್ಲಿ, ವಸಡಿನ ಅಂಚಿನಲ್ಲಿ ಬಣ್ಣ ಉಳಿದಿದ್ದರೆ ಬ್ರಷ್ ಅಲ್ಲಿಗೆ ಹೋಗಿಯೇ ಇಲ್ಲವೆಂದು ಅರ್ಥ.

ಕೊಳ್ಳುವವರು ಅಂಗಡಿಯಲ್ಲಿ ಬಿಡಿ ತಲೆಯ ಬೆಲೆಯನ್ನೂ ಕೇಳಿರಿ. ಸುಮಾರು ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸಲೇಬೇಕು.