ಬಣ್ಣ ಮಾಸಿದ ಜೀಪು

ಗಾಳಿಬೀಡಿನ ನಮ್ಮ ಮನೆಯಂಗಳದಲ್ಲಿ ಒಂದು ವಿಲ್ಲೀಸ್ ಜೀಪಿದೆ. ನನಗಿಂತ ಹಿರಿಯದು. ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆಂದು ಹುಟ್ಟಿ, 1947ರಿಂದ ಮುಂಬಯಿಯಲ್ಲಿ ಮಹೀಂದ್ರಾದವರು ಜೋಡಿಸತೊಡಗಿದರಲ್ಲ, ಆ ವಂಶದ್ದು. ಬಣ್ಣ ಹಸಿರೋ ಬೂದಿಯೋ ಹೇಳುವುದು ಕಷ್ಟ. ಟಾರ್ಪಾಲಿಗೆ ನಾಲ್ಕು ತೇಪೆ. ಆದರೂ ಆಟಿ ತಿಂಗಳ ಮಳೆಯಲ್ಲಿ, ಕೆಸರಿನ ತೋಟದ ದಾರಿಯನ್ನು ಗೊಬ್ಬರದ ಮೂಟೆ ಹೊತ್ತು ಏರುತ್ತಿತ್ತು.

ಕಾಲೇಜು ದಿನಗಳಲ್ಲಿ ಗೆಳೆಯರೆದುರು ಅದರಿಂದ ಇಳಿಯಲು ನನಗೆ ನಾಚಿಕೆ. ಅಪ್ಪನಿಗೋ, ಭಾನುವಾರ ಅದರಡಿ ಮಲಗುವುದೇ ಪೂಜೆ. ಗ್ರೀಸ್ ತುಂಬುವುದು, ಕಾಲಡಿಯ ತಗಡು ತೆಗೆದು ಬ್ರೇಕ್ ಆಯಿಲ್ ನೋಡುವುದು, ಚಕ್ರ ಬಿಚ್ಚಿ ಕೆಸರು ತೊಳೆಯುವುದು. "ಬಣ್ಣ ಹೊಡೆಸಿ ಅಪ್ಪಾ" ಎಂದರೆ, "ಅದೇನು ಮದುವೆಗೆ ಹೋಗಬೇಕಾ ಮಗ?" ಎನ್ನುತ್ತಿದ್ದರು.

ಒಮ್ಮೆ ಅಪ್ಪ ಕಾಯಿಲೆಯಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಜೀಪು ನಿಂತಲ್ಲೇ ನಿಂತಿತು. ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ನಾನು ಅದಕ್ಕೆ ಕೆಂಪು ಬಣ್ಣ ಹೊಡೆಸಿದೆ. ಬ್ರೇಕಿನ ನೆನಪೇ ಆಗಲಿಲ್ಲ. ತಂಗಿಯನ್ನು ಕೂರಿಸಿಕೊಂಡು ಮಡಿಕೇರಿಯಿಂದ ಮರಳುವಾಗ, ಇಳಿಜಾರಿನಲ್ಲಿ ಪೆಡಲ್ ತುಳಿದರೆ ಸೀದಾ ನೆಲಕ್ಕೆ ಹೋಯಿತು! ಗೇರ್ ಇಳಿಸಿ, ಕೈಬ್ರೇಕ್ ಎಳೆದು, ರಸ್ತೆಬದಿಯ ಬರೆಗೆ ಒರಗಿಸಿದೆ. ತಂಗಿಯ ಹಣೆಗೆ ಮೂರು ಹೊಲಿಗೆ ಬಿತ್ತು.

ಅಪ್ಪ ಬೈಯಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಚಕ್ರ ಬಿಚ್ಚಿಸಿ ತೋರಿಸಿದರು. ಆ ಜೀಪಿನಲ್ಲಿ ನಾಲ್ಕು ಚಕ್ರಗಳಿಗೂ ಬ್ರೇಕಿನ ಒತ್ತಡ ಹಂಚುವುದು ಒಂದೇ ಜಾಲ. ಒಂದು ಚಕ್ರದ ಪುಟ್ಟ ರಬ್ಬರ್ ಸೋರಿದರೂ ನಾಲ್ಕೂ ಹೋದಂತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮೂರಿನ ಗಾಳಿಯಲ್ಲಿ ತೇವಕ್ಕೇನು ಬರ? ನಿಂತ ಗಾಡಿಯಲ್ಲಿ ತುಕ್ಕು ಒಳಗೊಳಗೇ ಹಿಡಿಯುತ್ತದೆ. ಕೈಬ್ರೇಕ್ ಮಾತ್ರ ಬೇರೆ. ಅದು ಚಕ್ರವನ್ನಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ನಮ್ಮನ್ನು ಉಳಿಸಿದ್ದು ಅದೇ.

ಅಂದಿನಿಂದ ಭಾನುವಾರದ ಪೂಜೆ ನನ್ನದಾಯಿತು. ವಾರಕ್ಕೊಮ್ಮೆಯಾದರೂ ಓಡಿಸುತ್ತೇನೆ. ಮಕ್ಕಳಿಗೆ ಹೊಳೆಯುವ ಬೈಕು ಕೊಡಿಸುವ ಹೆತ್ತವರು ಜೊತೆಗೊಂದು ಸ್ಪ್ಯಾನರನ್ನೂ ಕೊಡಿಸಿದರೆ ಒಳ್ಳೆಯದು.

2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಿನ ಬೆಟ್ಟಗಳು ಜರಿದಾಗ, ಪಕ್ಕದ ಮನೆಯ ಅಜ್ಜಿಯನ್ನು ಆ ಮಳೆಯಲ್ಲಿ ಮಡಿಕೇರಿಗೆ ಮುಟ್ಟಿಸಿದ್ದು ಇದೇ ಜೀಪು. ಕೆಂಪು ಬಣ್ಣ ಆಗಲೇ ಮಾಸಿತ್ತು. ಅಜ್ಜಿ ಅದನ್ನು ಕೇಳಲಿಲ್ಲ, "ಬ್ರೇಕ್ ಸರಿ ಉಂಟಾ?" ಎಂದಷ್ಟೇ ಕೇಳಿದರು.