ಅಪ್ಪನಿಗೆ ಕೊಡಲಾಗದ ನೀರು

ಹೊನ್ನಾವರ

ಮಗಾ,

ಮಳೆ ಹಿಡಿದು ನಾಲ್ಕು ದಿನವಾಯಿತು, ಹಿತ್ತಲಿನ ಬಾವಿಯಲ್ಲಿ ಕೈಗೆ ನೀರು ಸಿಗುತ್ತದೆ. ಅಮ್ಮ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಆಗುವ ಮೊದಲೇ ಬರೆದಿಡಬೇಕು ಅನ್ನಿಸಿತು. ಫೋನಿನಲ್ಲಿ ಈ ಮಾತು ತೆಗೆದರೆ "ಸುಮ್ನಿರಮ್ಮಾ, ಅಪಶಕುನ ನುಡೀಬೇಡ" ಎಂದು ಬಾಯಿ ಮುಚ್ಚಿಸುತ್ತೀಯ. ಕಾಗದವಾದರೆ ಪೂರ್ತಿ ಓದುತ್ತೀಯ.

ಅಪ್ಪನ ವರ್ಷಾಂತಿಕ ಮುಗಿಸಿ ಹೊರಟ ರಾತ್ರಿ, ಬಸ್ಸು ಕಾಯುತ್ತ ನಿಂತಾಗ ನೀನು ಒಂದು ಮಾತು ಹೇಳಿದೆ. "ಮೊದಲೇ ಮನೆಗೆ ಕರ್ಕೊಂಡು ಬರಬೇಕಿತ್ತೋ, ಇನ್ನೂ ಸ್ವಲ್ಪ ದಿನ ನೋಡಬೇಕಿತ್ತೋ, ಇವತ್ತಿಗೂ ಗೊತ್ತಾಗ್ತಿಲ್ಲ ಅಮ್ಮಾ." ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಮಗಾ, ಆ ಭಾರ ನಿನ್ನದಲ್ಲ. ಕೊನೆಗೆ ಏನು ಮಾಡಬೇಕೆಂದು ಅಪ್ಪ ಯಾರಿಗೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. 42 ವರ್ಷ ಸಂಸಾರ ಮಾಡಿದೆವು. ತೋಟದ ಬೇಲಿ, ಅಕ್ಕನ ಮದುವೆ, ಸೊಸೈಟಿ ಸಾಲ, ಎಲ್ಲ ಮಾತಾಡಿದೆವು. ಇದೊಂದನ್ನು ಬಿಟ್ಟು.

ಅಪ್ಪ ಆಸ್ಪತ್ರೆಯಲ್ಲಿದ್ದ ಆ 19 ದಿನದಲ್ಲಿ ನೀನು ಹೊರಗೆ ಬಿಲ್ಲು, ಔಷಧ, ಸಹಿ ಎಂದು ಓಡಾಡುತ್ತಿದ್ದೆ. ಒಳಗೆ ನಾನು ಕಂಡ ಒಂದು ಸಂಗತಿಯನ್ನು ನಿನಗೆ ಹೇಳಿಲ್ಲ. ಐಸಿಯುನಲ್ಲಿ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಬಿಡುತ್ತಿದ್ದರಲ್ಲ, ಹನ್ನೊಂದನೆಯ ದಿನ ಸಂಜೆ ನಾನು ಹೋದಾಗ ಅಪ್ಪ ಕಣ್ಣು ಬಿಟ್ಟಿದ್ದರು. ಬಲಗೈಯಲ್ಲಿ ಶಕ್ತಿಯಿರಲಿಲ್ಲ. ನಳಿಕೆ ಕಿತ್ತುಕೊಳ್ಳುತ್ತಾರೆಂದು ಎಡಗೈಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಸರಳಿಗೆ ಕಟ್ಟಿದ್ದರು. ಕಟ್ಟಿದ ಆ ಕೈಯ ಹೆಬ್ಬೆರಳನ್ನೇ ಎತ್ತಿ, ಬಾಯಿಯ ಕಡೆಗೆ ಎರಡು ಸಲ ಆಡಿಸಿದರು. ಊಟಕ್ಕೆ ಕೂತಾಗ ನೀರಿನ ಚೊಂಬು ಇಡಲು ನಾನು ಮರೆತರೆ ಮಾಡುತ್ತಿದ್ದ ಸನ್ನೆ ಅದು. "ಬಾಯಲ್ಲಿ ಟ್ಯೂಬ್ ಇದೆಯಲ್ಲಮ್ಮಾ, ಕೊಡೋ ಹಾಗಿಲ್ಲ" ಎಂದಳು ಸಿಸ್ಟರ್. ಚಿಕ್ಕ ಹುಡುಗಿ, ಅವಳ ಕಣ್ಣಲ್ಲೂ ನೀರಿತ್ತು. ಹತ್ತಿಯನ್ನು ಅದ್ದಿ ತುಟಿಗೆ ಒತ್ತಿದಳು. ತುಳಸಿ ಹಾಕಿದ ನೀರಿನ ಸಣ್ಣ ಬಾಟ್ಲಿ ನನ್ನ ಚೀಲದಲ್ಲೇ ಇತ್ತು. ಹಾಗೇ ವಾಪಸು ತಂದೆ. ಇವತ್ತಿಗೂ ಅದು ದೇವರ ಗೂಡಿನಲ್ಲಿದೆ.

ನಿನ್ನ ಅಜ್ಜಿ ಇದೇ ಮನೆಯ ನಡುಕೋಣೆಯಲ್ಲಿ ಹೋದರು. ಎಂಟು ದಿನ ಬರೀ ಗಂಜಿತಿಳಿ. ಕೊನೆಯ ದಿನ ಅದೂ ಬೇಡವೆಂದು ಮುಖ ತಿರುಗಿಸಿದರು. ನಾನು ಎರಡು ಚಮಚ ನೀರು ಬಿಟ್ಟೆ, ಒಂದು ಒಳಗೆ ಹೋಯಿತು, ಒಂದು ಕಟಬಾಯಿಂದ ಇಳಿಯಿತು. ಅಜ್ಜಿಯನ್ನು ಕೊಂದೆವೆಂದು ಆಗ ಯಾರೂ ಹೇಳಲಿಲ್ಲ.

ಡಾಕ್ಟರನ್ನು ನಾನು ದೂರುತ್ತಿಲ್ಲ. ಕಾರಿಡಾರಿನಲ್ಲಿ ನಿಂತು "ಆಶೆ ಕಡಿಮೆ, ನೀವೇ ಹೇಳಿ" ಎಂದರು. "ಆಗೋದೆಲ್ಲ ಮಾಡಿ ಡಾಕ್ಟ್ರೇ" ಎಂದೆ ನೀನು. ಕೇಳಿದ ಅರ್ಧ ನಿಮಿಷದಲ್ಲಿ, ಹಾಗೆ ನಿಂತುಕೊಂಡು, ಮಗನಾದವನು ಬೇರೇನು ಹೇಳುತ್ತಾನೆ? ಆ ಪ್ರಶ್ನೆ ನಿನಗೆ ಇನ್ನೊಂದು ಸಲ ಬರಬಾರದು. ಬಂದರೂ ಉತ್ತರ ನನ್ನ ಕೈಬರಹದಲ್ಲಿ ಇರಬೇಕು.

ನಮ್ಮ ಹಳದೀಪುರದ ಅರುಣಾ ಶಾನಭಾಗಳ ಕತೆ ನಿನಗೆ ಗೊತ್ತು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹುಡುಗಿ. 1973ರ ನವೆಂಬರ್ 27ರಂದು ಅಲ್ಲಿನ ಕೆಲಸದವನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ಉಸಿರು ತಲುಪದೆ, 2015ರ ಮೇ 18ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದಳು. ಅವಳನ್ನು ಬಿಡುಗಡೆ ಮಾಡಿ ಎಂದು ಲೇಖಕಿ ಪಿಂಕಿ ವಿರಾನಿ ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ಒಪ್ಪಲಿಲ್ಲ. ದಿನಾ ಮೈ ಒರೆಸಿ, ತುತ್ತು ತಿನ್ನಿಸಿ, ಬೆನ್ನಿಗೊಂದು ಹುಣ್ಣಾಗದಂತೆ ನೋಡಿಕೊಂಡ ಕೆಇಎಂ ಸಿಬ್ಬಂದಿಯ ಮಾತೇ ನಡೆಯಬೇಕು ಎಂದಿತು. ಅವರು ಅವಳು ಬದುಕಿರಲಿ ಎಂದರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಕೋರ್ಟು ಹೇಳಿದ್ದು ಸರಿ ಅನ್ನಿಸುತ್ತದೆ. ತುತ್ತು ತಿನ್ನಿಸಿದ ಕೈಗೇ ಆ ಹಕ್ಕು. ಅರುಣಾಗೆ ಏನು ಬೇಕಿತ್ತೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಇಪ್ಪತ್ತೈದರ ಆಸುಪಾಸಿನ ಹುಡುಗಿ ಅಂಥದ್ದನ್ನು ಯಾಕೆ ಬರೆದಿಡುತ್ತಾಳೆ? ನಾನು ಬರೆದಿಡಬಹುದು, ನನಗೆ ವಯಸ್ಸಾಗಿದೆ.

ಸುಮ್ಮನೆ ಹೇಳುತ್ತಿಲ್ಲ, ಎಲ್ಲ ವಿಚಾರಿಸಿದ್ದೇನೆ. ಅರ್ಜಿ ಒಪ್ಪದಿದ್ದರೂ, ಆಶೆಯಿಲ್ಲದಾಗ ಚಿಕಿತ್ಸೆ ನಿಲ್ಲಿಸಲು ಅರುಣಾಳ ಅದೇ ತೀರ್ಪು ದಾರಿ ತೆರೆಯಿತು. 2018ರಲ್ಲಿ ಸುಪ್ರೀಂ ಕೋರ್ಟ್, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿ ಲಿವಿಂಗ್ ವಿಲ್ ಅನ್ನು, ಅಂದರೆ ಕೊನೆಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರವನ್ನು, ಒಪ್ಪಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ಅದನ್ನು ತೆಗೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು ಎಂದರು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಗೆ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ದಾವಣಗೆರೆಯ ಎಚ್.ಬಿ. ಕರಿಬಸಮ್ಮನವರು ನನ್ನ ಹಾಗೇ ನಿವೃತ್ತ ಟೀಚರು.

ನೀನು ಒಬ್ಬನೇ ನಿಂತು ತೀರ್ಮಾನಿಸುವ ಪ್ರಸಂಗವೂ ಇಲ್ಲ. ನೋಡುತ್ತಿರುವ ಡಾಕ್ಟರು ಮತ್ತು ಇಬ್ಬರು ತಜ್ಞರು ಸೇರಿ ಒಂದು ಮಂಡಳಿ. ಅವರು ಹೇಳಿದ್ದನ್ನು ನೋಡಲು ಬೇರೆ ಮೂವರ ಇನ್ನೊಂದು ಮಂಡಳಿ. ಎರಡೂ ಆದಷ್ಟು 48 ತಾಸಿನೊಳಗೆ ಹೇಳಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಈ ದೇಶದಲ್ಲಿ ಅಪರಾಧ, ನಾನು ಕೇಳುತ್ತಿರುವುದೂ ಅದನ್ನಲ್ಲ.

ನಾನು ಕೇಳುವುದು ಇಷ್ಟು. ನಿಮೋನಿಯಾ ಆದರೆ, ಕಾಲು ಮುರಿದರೆ, ಸ್ಟೆಂಟ್ ಹಾಕಬೇಕೆಂದರೆ ಮಾಡಿಸು. ಮತ್ತೆ ಎದ್ದು ಬಾವಿಕಟ್ಟೆಯವರೆಗೆ ನಡೆಯುವ ಆಶೆ ಇರುವಷ್ಟು ದಿನ ವೆಂಟಿಲೇಟರಿಗೂ ಹಾಕಿಸು, ನನಗೆ ಬದುಕು ಇಷ್ಟ. ಇನ್ನು ಏಳುವುದಿಲ್ಲ ಎಂದು ಎರಡೂ ಮಂಡಳಿ ಹೇಳಿದ ಮೇಲೆ ಕುತ್ತಿಗೆಗೆ ತೂತು, ಡಯಾಲಿಸಿಸ್, ಎದೆ ಒತ್ತುವುದು ಯಾವುದೂ ಬೇಡ. ನೋವಿಗೆ ಮಾತ್ರ ಔಷಧ ನಿಲ್ಲಿಸಬೇಡ, ಮಾರ್ಫಿನ್ ಬೇಕೆಂದರೆ ಹೆದರದೆ ಕೊಡಿಸು. ಬೆಂಗಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರಿನ ಕೊನೆಯಲ್ಲಿರುವವರನ್ನು ಒಂದು ರೂಪಾಯಿ ಕೇಳದೆ ನೋಡಿಕೊಳ್ಳುತ್ತಾರೆ. ವಾಸಿ ಮಾಡಲಾಗದಿದ್ದರೂ ಆರೈಕೆ ಮುಗಿಯುವುದಿಲ್ಲ ಎಂಬುದನ್ನು ಅಲ್ಲಿಗೆ ಹೋಗಿ ಕಂಡಿದ್ದೇನೆ. ಸಾಧ್ಯವಾದರೆ ನನ್ನನ್ನು ನಡುಕೋಣೆಗೆ ತಾ. ಕೈ ಕಟ್ಟಿಸಬೇಡ. ನೀರು ಕೇಳಿದರೆ ಚಮಚದಲ್ಲಿ ಕೊಡು, ನೆತ್ತಿಗೆ ಹತ್ತಿದರೂ ಪರವಾಗಿಲ್ಲ.

ನೆಂಟರು "ತಾಯಿಯನ್ನು ಕೈಬಿಟ್ಟ" ಎಂದು ಆಡಿಕೊಂಡರೆ ಈ ಕಾಗದ ತೋರಿಸು. ನೀನು ಕೈಬಿಟ್ಟವನಲ್ಲ. ಅಪ್ಪನನ್ನೂ ಬಿಟ್ಟಿರಲಿಲ್ಲ.

ನನ್ನ ಲಿವಿಂಗ್ ವಿಲ್‌ಗೆ ಸಾಕ್ಷಿಯಾಗಲು ಪಕ್ಕದ ಮನೆಯವರೂ ನಮ್ಮ ಹಳೆಯ ಹೆಡ್ ಮಾಸ್ಟರೂ ಒಪ್ಪಿದ್ದಾರೆ. ನನ್ನ ಪರವಾಗಿ ಮಾತಾಡುವವರ ಹೆಸರು ಬರೆಯುವಲ್ಲಿ ಎರಡನೆಯದು ಅಕ್ಕನದು. ಮೊದಲನೆಯ ಜಾಗ ಖಾಲಿ ಬಿಟ್ಟಿದ್ದೇನೆ. ಆಗುತ್ತದೆ ಎಂದರೆ ಒಂದು ಸಾಲು ಬರಿ. ಆಗುವುದಿಲ್ಲ ಎಂದರೂ ಬರಿ, ನನಗೆ ಬೇಸರವಿಲ್ಲ, ಅಕ್ಕನ ಹೆಸರನ್ನೇ ಮೇಲೆ ಹಾಕಿಸುತ್ತೇನೆ. ಚೌತಿಗೆ ಹೇಗೂ ಬರುತ್ತೀಯಲ್ಲ, ಎರಡು ದಿನ ಹೆಚ್ಚು ರಜೆ ಹಾಕಿ ಬಾ. ಹಬ್ಬ ಮುಗಿದ ಸೋಮವಾರ ಬೆಳಿಗ್ಗೆ ಬನ್ನಿ ಎಂದು ನೋಟರಿ ಹೇಳಿದ್ದಾರೆ.

ನಿನ್ನ ಅಮ್ಮ